ಒಂಟಿ ಇಂಜಿನ್ನಿನ ಕಾಗದ

ಹೆಂಡತಿ ನೆನಪಾದಾಗ ಹಾಗೆಂದು ಬಾಯಿಬಿಟ್ಟು ಹೇಳಲಾರದ ಗಂಡಸರಲ್ಲಿ ನಾನೂ ಒಬ್ಬ. ಇದಕ್ಕೆ ನಮ್ಮ ಮಾವನವರೂ ಸ್ವಲ್ಪ ಕಾರಣ. ಹೈದರಾಬಾದಿನ ಪೊಲೀಸ್ ಆಕ್ಷನ್ ಆದ ಮರುವರ್ಷ ಅತ್ತೆ ಕಾಲು ಮುರಿದುಕೊಂಡರು. ಅವರನ್ನು ನೋಡಿಕೊಳ್ಳಲು ನನ್ನಾಕೆ ಗೌರವ್ವ ಕಮಲಾಪುರದ ತವರಿಗೆ ಹೋದಳು. ತಿಂಗಳೆಂದು ಹೋದವಳು ಮೂರು ತಿಂಗಳಾದರೂ ಬರಲಿಲ್ಲ. ಕಾಗದ ಬರೆಯೋಣವೆಂದರೆ, ಸ್ಟೇಶನ್ ಬಜಾರಿನ ಶಾಲೆಯಲ್ಲಿ ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸುತ್ತಿದ್ದ ನಾನು ಮನೆಯವಳಿಗೆ ಮಾತ್ರ ಕಲಿಸಿರಲಿಲ್ಲ. ಮಗಳಿಗೆ ಬಂದ ಕಾಗದವನ್ನು ಮಾವನವರು ಕಟ್ಟೆಯ ಮೇಲೆ ಕುಳಿತು, ಓಣಿಯವರೆಲ್ಲ ಕೇಳುವಂತೆ ಓದುತ್ತಿದ್ದರು. 'ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ' ಎಂದು ಬರೆಯುವುದು ಹೇಗೆ?

ಗಾಜಿಪುರ ಓಣಿಯಲ್ಲಿ ನಮ್ಮ ಪಕ್ಕದ ಮನೆಯ ಯೂಸುಫ್ ಸಾಹೇಬರು ಹೈದರಾಬಾದಿನಲ್ಲಿ ವಿಮಾನದ ಮಿಸ್ತ್ರಿಯಾಗಿದ್ದವರು. ಆಕ್ಷನ್ನಿನ ಗಲಾಟೆಯಲ್ಲಿ ಕೆಲಸ ಹೋಗಿ ಊರಿಗೆ ಬಂದಿದ್ದರು. ನನ್ನ ರೊಟ್ಟಿ ಸುಟ್ಟ ವಾಸನೆ ಬಂದರೆ ಸಾಕು, ನಗುತ್ತಾ ಬರುತ್ತಿದ್ದರು. ಒಬ್ಬನೇ ಎಷ್ಟು ಒದ್ದಾಡಿದರೂ ಮನೆ ಅಡ್ಡಾದಿಡ್ಡಿ ಹೋಗುತ್ತಿದೆಯೆಂದು ಒಂದು ಸಂಜೆ ಗೋಳಾಡಿದೆ.

"ಮಾಸ್ತರ್ ಸಾಬ್, ಎರಡು ಇಂಜಿನ್ನಿನ ವಿಮಾನದಾಗ ಒಂದು ಬಂದ್ ಬಿದ್ರ ಇನ್ನೊಂದು ಜೋರಲೆ ಎಳೀತದ. ವಿಮಾನ ಬಂದ್ ಬಿದ್ದ ಕಡೀಗೇ ತಿರಗತದ. ಒಂದೆತ್ತು ನಿಂತ್ರ ಬಂಡಿ ತಿರಗೂದಿಲ್ಲೇನ್ರೀ, ಹಂಗ. ಬಾಲದಾಗಿನ ಚುಕ್ಕಾಣಿ ಅದನ್ನ ಸೀದಾ ಹಿಡೀಬೇಕು. ಅದಕ್ಕ ಗಾಳಿ ಬಡೀಬೇಕಂದ್ರ ಇಂತಿಷ್ಟು ಸ್ಪೀಡ್ ಇರಬೇಕು. ಕಮ್ಮಿ ಆತೋ, ಖತಮ್."

"ಮ್ಯಾಲ ಮ್ಯಾಲ ಹೋದ್ರ ಇನ್ನೂ ತ್ರಾಸೇನ್ರೀ?"

"ಉಲ್ಟಾ ಅದರೀ. ಮ್ಯಾಲ ಹವಾ ತೆಳ್ಳಗ. ನಮ್ಮ ಚಾಲೂ ಇಂಜಿನ್ನಿನ ತಾಕತ್ತು ಇಳೀತದ, ಬಾಜೂಕ ಎಳಿಯೂದೂ ಕಮ್ಮಿ. ಅದಕ್ಕ ಕಮ್ಮಿ ಸ್ಪೀಡಿನ್ಯಾಗೂ ಸೀದಾ ಹಿಡೀಬಹುದು. ಆದ್ರ ಭಾಳ ಖುಷಿ ಪಡಬ್ಯಾಡ್ರಿ. ತಾಕತ್ತಿಲ್ಲ ಅಂತ ಸೀದಾ ಇರತದ. ಎತ್ತರದಾಗ ನಿಲ್ಲೂದಿಲ್ಲ, ಹಗೂರಕ ಇಳಕೋತ ಬರತದ." ಆಮೇಲೆ ಕೈ ನೋಡಿಕೊಳ್ಳುತ್ತ, "ಎರಡೂ ಇಂಜಿನ್ ಕೂಡಿ ಸಪ್ಪಳ ಮಾಡೂದು ಒಮ್ಮೆ ಕೇಳಬೇಕನಸ್ತದ್ರೀ" ಎಂದರು. ಇಂಜಿನ್ನಿಗಾಗಿ ಅವರು ಹಂಬಲಿಸಿದಷ್ಟು ಬಿಚ್ಚುಮನಸ್ಸಿನಿಂದ ಹೆಂಡತಿಗಾಗಿ ಹಂಬಲಿಸಲು ನನಗೆ ಬಾರದು.

ಮರುದಿನವೇ ಕಾಗದ ಬರೆದೆ. ನನ್ನ ಸಂಕಟವನ್ನು ವಿಮಾನದಲ್ಲಿ ಕೂರಿಸಿ ಕಳಿಸಿದರೆ ಕಟ್ಟೆಯ ಮಂದಿಗೆ ತಿಳಿಯದು, ಗೌರವ್ವನಿಗೆ ತಿಳಿದೀತು ಎಂಬ ಜಾಣತನ. 'ಒಂದು ಇಂಜಿನ್ ಇಲ್ಲದಿದ್ದರೂ, ಮೇಲೆ ಹೋದಂತೆಲ್ಲ ವಿಮಾನವನ್ನು ಕಡಿಮೆ ವೇಗದಲ್ಲೇ ಸೀದಾ ನಡೆಸಬಹುದಂತೆ. ನಾನೂ ಹಾಗೆಯೇ ಇದ್ದೇನೆ.' ತಾಕತ್ತು ಇಳಿಯುವ ಮಾತನ್ನು ಮಾತ್ರ ಮಾನಕ್ಕೆ ಅಂಜಿ ಬಿಟ್ಟುಬಿಟ್ಟೆ. ಮಾವನವರ ಉತ್ತರ ಬಂತು: 'ತಾವು ಒಬ್ಬರೇ ಸೀದಾ ನಡೆಸಿದ್ದು ಕೇಳಿ ಓಣಿಗೆಲ್ಲ ಸಂತೋಷವಾಯಿತು. ಗೌರವ್ವ ಇನ್ನೆರಡು ತಿಂಗಳು ಇಲ್ಲೇ ಇರಲಿ.'

ಮಾನ ಮೂಲೆಗಿಟ್ಟು, ಬಿಟ್ಟಿದ್ದ ಮಾತನ್ನೂ ಬರೆದು ಹಾಕಿದೆ: ಸೀದಾ ಇರುವುದು ತಾಕತ್ತು ಇಲ್ಲದ್ದರಿಂದ, ದಿನದಿನಕ್ಕೂ ಇಳಿಯುತ್ತಿದ್ದೇನೆ. ನಾಲ್ಕನೆಯ ದಿನ ಕಮಲಾಪುರದ ಬಸ್ಸಿನಲ್ಲಿ ಬಂದದ್ದು ಗೌರವ್ವ ಅಲ್ಲ, ಒಂದು ಗಂಟು. ಒಳಗೆ ಮಾವನವರ ಚೀಟಿ: 'ಅಳಿಯಂದಿರಿಗೆ ನಿಶ್ಶಕ್ತಿಯೆಂದು ತಿಳಿಯಿತು. ಗೌರವ್ವ ಅಂಟಿನ ಉಂಡಿ ಕಟ್ಟಿದ್ದಾಳೆ. ದಿನಕ್ಕೊಂದು ತಿನ್ನುವುದು.'

ಬಾಣಂತಿಯರಿಗೆ ಕಟ್ಟುವ ಉಂಡಿ! ಯೂಸುಫ್ ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅವರು ಹೋದ ಮೇಲೆ ಒಂದನ್ನು ಕೈಗೆತ್ತಿಕೊಂಡೆ. ಅದರ ಮೇಲೆ ಆಕೆಯ ಬೆರಳುಗಳು ಒತ್ತಿದ ಗುರುತು ಹಾಗೇ ಇತ್ತು. ತಿನ್ನಲು ಮನಸ್ಸಾಗದೆ ತಿರುಗಿ ಗಂಟಿನಲ್ಲೇ ಇಟ್ಟೆ. 'ಹೆಂಡತಿಯನ್ನು ಕಳಿಸಿರಿ' ಎಂದು ಬರೆದೇ ತೀರುತ್ತೇನೆಂದು ಕಾಗದ ಹಿಡಿದು ಕೂತವನು, 'ಉಂಡಿ ಮುಗಿದವು, ಇನ್ನಷ್ಟು ಕಳಿಸಿರಿ' ಎಂದು ಬರೆದು ಟಪಾಲಿಗೆ ಹಾಕಿ ಬಂದೆ.