ಹಲ್ಲು ಹಚ್ಚಿ ಆರಿಸಿದ ಬೇಸ್ ಗಿಟಾರ್

ವಾಚಕ ಮಹಾಶಯರೇ, ಸಂಗೀತದ ವಾದ್ಯವೊಂದನ್ನು ಆರಿಸಿಕೊಳ್ಳುವ ಕ್ರಮವನ್ನು ಕುರಿತು ಈ ಪುಟಗಳಲ್ಲಿ ಗಂಭೀರವಾದ ಉಪದೇಶವೇನಾದರೂ ದೊರೆಯಬಹುದೆಂಬ ನಿರೀಕ್ಷೆಯಿಂದ ತಾವು ಆಸನವನ್ನು ಅಲಂಕರಿಸಿದ್ದರೆ, ಆ ನಿರೀಕ್ಷೆಯನ್ನು ಪಾದರಕ್ಷೆಗಳೊಡನೆ ಹೊರಗೇ ಬಿಟ್ಟು ಬರಬೇಕಾಗಿ ವಿನಂತಿ. ಇಲ್ಲಿ ನಿವೇದಿಸಲಿರುವುದು ಬೈಲಹೊಂಗಲದ ಸಂದೀಪನೆಂಬ ಸಜ್ಜನನಿಗೆ ಒಂದೇ ಭಾನುವಾರದಲ್ಲಿ ಒದಗಿದ ಸಂಕಟದ ವೃತ್ತಾಂತ. ಆ ಸಂಕಟಕ್ಕೆಲ್ಲ ಮೂಲವಾದದ್ದು ಸಂಡಿಗೆ.

ಸಂದೀಪನಿಗೆ ಪೇಟೆಯಲ್ಲೊಂದು ಕನ್ನಡಕದ ಅಂಗಡಿ. ವಾರವೆಲ್ಲ ಊರಿನ ಕಣ್ಣುಗಳನ್ನು ನೇರ ಮಾಡುವ ಈತ, ಮದುವೆ ಮುಂಜಿಗಳ ಸಂಜೆ ‘ತಂಗಾಳಿ ವಾದ್ಯವೃಂದ’ದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಬೇಸ್ ಎಂದರೆ ನಾಲ್ಕೇ ದಪ್ಪ ತಂತಿಗಳ, ಉದ್ದ ಕತ್ತಿನ ಗಿಟಾರು. ಹಾಡುವವರನ್ನೂ ತಬಲಾದವನನ್ನೂ ಜನ ಹುಡುಕಿಕೊಂಡು ಬಂದು ಹೊಗಳುತ್ತಾರೆ. ಬೇಸಿನವನನ್ನು ‘ನೀವು ಅಲ್ಲಿ ಏನು ಮಾಡುತ್ತಿದ್ದಿರಿ’ ಎಂದು ಕೇಳುತ್ತಾರೆ. ಸಂದೀಪನಿಗೆ ಅದರ ಖೇದವಿರಲಿಲ್ಲ. ‘ಗುಂ’ ಎಂಬ ಆ ಸ್ವರ ತನ್ನ ಬೆರಳಿನಿಂದ ಹೊರಟು ಎದುರಿಗೆ ಕುಳಿತವರ ಎದೆಗೂಡಿನಲ್ಲಿ ಇಳಿಯುತ್ತದೆಂಬುದು ಅವನಿಗೆ ಗೊತ್ತಿತ್ತು. ಅದೊಂದೇ ಅವನ ಜೀವನದ ಐಶ್ವರ್ಯ.

ವಾದ್ಯ ಮಾತ್ರ ಅವನದಲ್ಲ, ವೃಂದದ್ದು. ಶನಿವಾರ ಅವನ ತಾಯಿ ರಾಯವ್ವ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಒಣಹಾಕಿದಾಗ ಗಾಳಿಗೆ ಆ ಸೀರೆ ಹಾರತೊಡಗಿತು. ಒಂದು ಮೂಲೆಗೆ ಒರಳಿನ ಗುಂಡು, ಇನ್ನೊಂದಕ್ಕೆ ಹಿಟ್ಟಿನ ಡಬ್ಬಿ, ಉಳಿದ ಅಂಚಿಗೆ ಉದ್ದಕ್ಕೆ ಬೇಸ್ ಗಿಟಾರು. ಇಡೀ ದಿನದ ಬಿಸಿಲು ಕುಡಿದ ಅದರ ಕತ್ತು, ಭಾನುವಾರ ಬೆಳಿಗ್ಗೆ ನೋಡುವಾಗ ಕುಡುಗೋಲಿನಂತೆ ಬಾಗಿತ್ತು.

ವೃಂದವನ್ನು ನಡೆಸುವವರು ನಿವೃತ್ತ ಶಿಕ್ಷಕಿ ಅನ್ನಪೂರ್ಣಾ ಅಕ್ಕಾರು. ಅವರು ಸುದ್ದಿ ಕೇಳಿ ಬಂದು ಬಾಗಿದ ಕತ್ತನ್ನು ಕಂಡು, ನಪಾಸಾದ ವಿದ್ಯಾರ್ಥಿಯ ತಂದೆಯನ್ನು ನೋಡುವಂತೆ ಸಂದೀಪನನ್ನು ನೋಡಿದರು.

“ಸಂಜಿಕ ಏಳಕ್ಕ ಕಿತ್ತೂರಾಗ ಹೈಸ್ಕೂಲಿನ ಸ್ನೇಹ ಸಮ್ಮೇಳನ ಐತಿ. ಅಷ್ಟರೊಳಗ ಒಂದು ಬೇಸ್ ಹಿಡಕೊಂಡು ಬಾ. ತರಲಿಲ್ಲಂದ್ರ ನಿನ್ನ ಪಾಳೇ ಯುವರಾಜನ ಎಡಗೈಗೆ ಕೊಡತೇನಿ. ಇವತ್ತಿಗಷ್ಟ ಅಲ್ಲ, ಕಾಯಂ.”

ಯುವರಾಜ ಕೀಬೋರ್ಡ್ ನುಡಿಸುವ ತರುಣ. ಬಲಗೈಯಲ್ಲಿ ಹಾಡು ಹಿಡಿದು, ಎಡಗೈಯ ಎರಡು ಬೆರಳಲ್ಲಿ ಅದೇ ‘ಗುಂ’ ತೆಗೆಯಬಲ್ಲ ಆಪತ್ಕಾರಿ ಪ್ರತಿಭೆ ಅವನಿಗಿತ್ತು.

“ಅಕ್ಕಾರ, ಒಂದ ದಿನದಾಗ ಎಲ್ಲಿಂದ ತರ್ಲ್ರಿ?”

“ಸವದತ್ತಿ ಮೈಕ್‌ಸೆಟ್ ಅಂದಾನೆಪ್ಪನ ಕಡೆ ಎರಡು ಅದಾವ. ಯಾವುದೋ ಮುರದ ಆರ್ಕೆಸ್ಟ್ರಾದ ಸಾಮಾನು ಹಿಡದಾನ. ನೋಡಿ ಆರಿಸ್ಕೋ. ಕಣ್ಣು ಇಟ್ಟು ಆರಿಸ್ಕೋ.”

ಸಂದೀಪ ಅಂಗಿ ಹಾಕಿಕೊಂಡು ಹೊರಡುವಷ್ಟರಲ್ಲಿ ರಾಯವ್ವ ಬಾಗಿಲಿಗೆ ಅಡ್ಡ ನಿಂತಳು. ಸಂಡಿಗೆಯ ಪಾಪಕ್ಕೆ ಪರಿಹಾರ ಮಾಡಿಯೇ ತೀರುವೆನೆಂದು ಅವಳು ತನ್ನ ಅಣ್ಣ ಲಗಮಪ್ಪನನ್ನು ಕರೆಸಿದ್ದಳು. ಲಗಮಪ್ಪ ನಲವತ್ತು ವರ್ಷ ದನದ ಸಂತೆಗಳಲ್ಲಿ ದಲ್ಲಾಳಿಯಾಗಿದ್ದವನು.

“ಅವ್ವಾ, ಅದು ಎತ್ತಲ್ಲ.”

“ನಾಕು ಕಾಲಿಂದು ಆರಿಸಾಂವಗ ನಾಕು ತಂತಿದು ಆರಸಾಕ ಬರೂದಿಲ್ಲೇನು? ನೀ ಹ್ವಾದ್ರ ಅಂವ ತೋರಿಸಿದ್ದು ತರತಿ. ಕರಕೊಂಡು ಹೋಗು.”

ಲಗಮಪ್ಪ ಹೆಗಲ ಮೇಲಿನ ಟವೆಲ್ ಕೊಡವಿ ಮುಂದಾಗಿಯೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದ.

ಸವದತ್ತಿಯಲ್ಲಿ ಅಂದಾನೆಪ್ಪನ ಪಡಸಾಲೆಯ ತುಂಬ ಆಳೆತ್ತರದ ಸ್ಪೀಕರುಗಳು, ನಡುವೆ ಗೋಡೆಗೆ ಒರಗಿದ ಎರಡು ಬೇಸ್ ಗಿಟಾರುಗಳು. ಒಂದು ಮದುಮಗಳಂತೆ ಕೆಂಪಗೆ ಹೊಳೆಯುತ್ತಿತ್ತು. ಇನ್ನೊಂದು ಅಂಚು ಸವೆದ ಕಂದು ಬಣ್ಣದ್ದು, ಪಂಚಾಯಿತಿಯ ಹಿರಿಯನಂತೆ ಮುಖ ಗಂಟಿಕ್ಕಿಕೊಂಡಿತ್ತು. ಊರಲ್ಲಿ ಅಂದು ಕರೆಂಟು ಇರಲಿಲ್ಲ, ಸಂಜೆಯವರೆಗೂ ಬರುವ ಸೂಚನೆ ಇರಲಿಲ್ಲ. ವಿದ್ಯುತ್ತಿನಿಂದ ಮಾತನಾಡುವ ವಾದ್ಯವನ್ನು ವಿದ್ಯುತ್ತಿಲ್ಲದೆ ಪರೀಕ್ಷಿಸಬೇಕಾದ ಪ್ರಸಂಗ.

ಸಂದೀಪ ಕೆಂಪಿನದನ್ನು ಎತ್ತಿ ತಂತಿ ಮೀಟಿದ. ನೊಣದ ನಿಟ್ಟುಸಿರಿನಷ್ಟು ಶಬ್ದ ಬಂತು.

“ಮೂಕ ಐತಿ,” ಎಂದ ಲಗಮಪ್ಪ.

“ಮೂಕ ಅಲ್ಲ ಮಾವಾ, ಕರೆಂಟ್ ಇಲ್ಲ. ಇದನ್ನ ಬ್ಯಾರೆ ರೀತಿಲೇ ಕೇಳಬೇಕು.”

ಬೇಸಿನ ಕಟ್ಟಿಗೆಗೆ ಹಲ್ಲು ಹಚ್ಚಿ ಮೀಟಿದರೆ ನಾದವು ದವಡೆಯ ಮೂಲಕ ಕಿವಿಗೇರುತ್ತದೆಂದು ಸಂದೀಪ ಮೊಬೈಲಿನಲ್ಲಿ ನೋಡಿದ್ದ. ಅವನು ಕಣ್ಣು ಮುಚ್ಚಿ, ಕೆಂಪು ಬೇಸಿನ ಮೇಲಿನ ಕೊಂಬನ್ನು ಕಚ್ಚಿ ಹಿಡಿದು ತಂತಿ ಎಳೆದ. ಚಹಾ ತಂದ ಅಂದಾನೆಪ್ಪನ ಹೆಂಡತಿ ಚನ್ನವ್ವ ತಟ್ಟೆ ಹಿಡಿದುಕೊಂಡೇ ನಿಂತಳು.

“ಪಾಪ, ಮುಂಜಾನಿಂದ ಏನೂ ತಿಂದಿಲ್ಲ ಕಾಣತೈತಿ. ರೊಟ್ಟಿ ತರ್ಲೇನ್ರಿ?”

“ಬ್ಯಾಡ್ರಿ ಯವ್ವಾ,” ಎಂದ ಲಗಮಪ್ಪ ತಲೆ ತಗ್ಗಿಸಿ. “ನಾವು ನಲವತ್ತು ವರ್ಸ ಮಾಲಿನ ಹಲ್ಲ ನೋಡಿದ್ವಿ. ಇಂವ ಮಾಲಿಗೇ ತನ್ನ ಹಲ್ಲ ತೋರಸಾಕತ್ತಾನು.”

ಅಂದಾನೆಪ್ಪ ಈ ಮಾತಿಗೆ ಕಿವಿ ನಿಮಿರಿಸಿದ. ಮೈಕ್‌ಸೆಟ್ಟಿಗೆ ಬರುವ ಮುನ್ನ ಅವನೂ ಎತ್ತುಗಳನ್ನು ಕಟ್ಟಿ ಮಾರಿದವನೇ. ಹಳೆಯ ಸಂತೆಗಳ ನೆನಪಾಗಿ ಇಬ್ಬರ ಕಣ್ಣೂ ತುಂಬಿಬಂದವು. ಅಲ್ಲಿಂದ ಮುಂದೆ ಸಂದೀಪ ಆ ಪಡಸಾಲೆಯಲ್ಲಿ ಬರಿಯ ಪ್ರೇಕ್ಷಕ.

ಲಗಮಪ್ಪ ಕೆಂಪಿನದನ್ನು ಅಂಗಾತ ಹಿಡಿದು, ಬಾಲದ ಕಡೆಯಿಂದ ಒಂದೇ ಕಣ್ಣಿನಲ್ಲಿ ಕತ್ತಿನ ಉದ್ದಕ್ಕೂ ನೋಡಿದ. “ಬೆನ್ನ ಸೊಟ್ಟ ಐತಿ.” ಅಂಗೈಯನ್ನು ಕತ್ತಿನ ಅಂಚಿಗುಂಟ, ಹೊರಚಾಚಿದ ಲೋಹದ ಕಡ್ಡಿಗಳ ತುದಿಯ ಮೇಲೆ ಸವರಿದ. “ಪಕ್ಕಡಿ ಎಲುಬು ಚುಚ್ಚತಾವ.” ಪಟ್ಟಿ ಹಾಕಿ ಸಂದೀಪನ ಕೊರಳಿಗೆ ತೂಗಿಸಿ ಕೈ ಬಿಡಿಸಿದ. ಕೆಂಪು ಬೇಸಿನ ತಲೆ ದೊಪ್ಪನೆ ನೆಲದ ಕಡೆ ಇಳಿಯಿತು. “ತಲಿ ಹಾಕತೈತಿ. ನೊಗಕ್ಕ ಬರಾಂಗಿಲ್ಲ.”

ಕಂದು ಬೇಸು ಮೂರು ಪರೀಕ್ಷೆಗಳಲ್ಲೂ ತೇರ್ಗಡೆಯಾಯಿತು. ಕತ್ತು ಬಾಣದಂತೆ ನೇರ, ಅಂಚು ಬೆಣ್ಣೆಯಂತೆ ನುಣುಪು, ಕೈ ಬಿಟ್ಟರೆ ತೂಗುಯ್ಯಾಲೆಯಂತೆ ಸಮನಾಗಿ ನಿಂತಿತು. ಸಂದೀಪ ಅದನ್ನೂ ಕಚ್ಚಿ ಮೀಟಿದ. ತಲೆಬುರುಡೆಯೊಳಗೆ ಬೆಲ್ಲದ ಪಾಕ ಕುದಿದಂತಹ ದುಂಡನೆಯ ನಾದ ಹಬ್ಬಿತು. ಬೇಸ್ ಆರಿಸುವವರು ನೋಡಬೇಕಾದದ್ದನ್ನೇ ಮಾವ ಒಂದೊಂದಾಗಿ ನೋಡಿದ್ದನ್ನು ಕಂಡು ಅವನು ಬೆರಗಾದ. ಆ ಬೆರಗು ಮುಖದ ತುಂಬ ಹರಡಿತು.

ಲಗಮಪ್ಪ ಅವನನ್ನು ಮೂಲೆಗೆಳೆದು ಪಿಸುಗುಟ್ಟಿದ: “ನೀ ಹೊರಗ ಹೋಗಿ ಕುಂದ್ರು. ನಿನ್ನ ಮಾರಿ ನೋಡಿದ್ರ ಅಂವ ಗಳಿಗಿಗೊಮ್ಮಿ ರೇಟ್ ಏರಸ್ತಾನು.”

“ಕಂದು ಬಣ್ಣದ್ದ ಅಲ್ಲೇನು ಮಾವಾ? ತಪ್ಪಬ್ಯಾಡ.”

“ನಿನಗ ಕಂದು ಮುಟ್ಟಿಸಿದ್ರ ಆತಿಲ್ಲೋ. ನಡಿ.”

ಸಂದೀಪ ಕಟ್ಟೆಯ ಮೇಲೆ ಕುಳಿತು ಕಿಟಕಿಯಿಂದ ನೋಡುತ್ತಿದ್ದ. ಒಳಗೆ ಇಬ್ಬರು ವೃದ್ಧರು ಎದುರುಬದುರು ಕುಳಿತು, ಕೈಗಳ ಮೇಲೆ ಟವೆಲ್ ಹೊದಿಸಿ, ಅದರಡಿ ಬೆರಳಿಗೆ ಬೆರಳು ಹಿಡಿದು ಮೌನವಾಗಿ ಬೆಲೆ ಕೇಳಿಕೊಳ್ಳುತ್ತಿದ್ದರು. ತುಟಿಯೊಂದೂ ಅಲುಗಲಿಲ್ಲ, ಟವೆಲ್ ಮಾತ್ರ ಒಳಗೆ ಬೆಕ್ಕು ಹೊಕ್ಕಂತೆ ಹೊರಳಾಡುತ್ತಿತ್ತು. ಆಮೇಲೆ ಚನ್ನವ್ವ ಕಿಟಕಿ ಹಾಕಿದಳು. ಅರ್ಧ ತಾಸು ಕಳೆದು ಲಗಮಪ್ಪ ಹೊರಬಂದಾಗ ಅವನ ಬಗಲಲ್ಲಿ ಹಳೆಯ ಕೌದಿಯಲ್ಲಿ ಸುತ್ತಿ, ಸುತ್ತಲೂ ಸುತಳಿ ಹೊಲಿದ ಉದ್ದನೆಯ ಗಂಟಿತ್ತು.

“ಆತೇನು? ತಗಿ, ಒಮ್ಮಿ ನೋಡತೇನಿ.”

“ಹುಚ್ಚ ಅದಿಯೇನು? ಹೊಸಾ ಮಾಲು, ಹಾದ್ಯಾಗ ದೃಷ್ಟಿ ಆಗತೈತಿ. ಮುಟ್ಟೂ ಜಾಗಾ ಮುಟ್ಟೂತನ ಬಿಚ್ಚಾಕ ಬಿಡಾಂಗಿಲ್ಲ.”

ಬಸ್ಸಿನಲ್ಲಿ ಆ ಗಂಟು ಇಬ್ಬರ ತೊಡೆಗಳ ಮೇಲೆ ಅಡ್ಡ ಮಲಗಿತು. ಮುರಗೋಡದಲ್ಲಿ ಹತ್ತಿದ ಬಾಯವ್ವ ಎಂಬ ಮುದುಕಿ ಬಗ್ಗಿ ನೋಡಿ, ದನಿ ತಗ್ಗಿಸಿ ವಿಚಾರಿಸಿದಳು:

“ಯಾರಿಗೇನಾಗೈತಪಾ? ಭಾಳ ಸೊರಗ್ಯಾರ.”

“ಯಾರೂ ಇಲ್ರಿ ಯಮ್ಮಾ. ವಾದ್ಯ ಐತಿ.”

“ಮಾರಿ ಮುಚ್ಚೀರಲ್ಲೋ, ಉಸುರು ಹ್ಯಾಂಗಾಡತೈತಿ?”

ಹಿಂದಿನ ಸೀಟಿನವರು ಎದ್ದು ನಿಂತರು. ಕಂಡಕ್ಟರ ಬಂದು ಗಂಟನ್ನು ಪೆನ್ನಿನಿಂದ ಚುಚ್ಚಿದ. “ಬಿಚ್ಚಿ ತೋರಸ್ರಿ, ಇಲ್ಲಾ ಇಳೀರಿ.” ಬಿಚ್ಚಲು ಸಂದೀಪ ಕೈ ಹಾಕಿದ, ಬಿಡದಂತೆ ಲಗಮಪ್ಪ ಗಂಟಿನ ಮೇಲೆ ಬೋರಲು ಬಿದ್ದ. ಅದನ್ನು ಕಂಡ ಬಾಯವ್ವ ದುಃಖ ತಡೆಯಲಾರದೆ ಅಳತೊಡಗಿದಳು. ಮಾವ ಅಳಿಯ ಇಬ್ಬರೂ ಬೈಲಹೊಂಗಲ ಇನ್ನೂ ಎರಡು ಮೈಲಿ ಇರುವಾಗ, ಎರೆಮಣ್ಣಿನ ಹೊಲಗಳ ನಡುವೆ, ಶವಸಂಸ್ಕಾರಕ್ಕೆ ಹೊರಟವರ ಮುಖ ಹೊತ್ತು ಇಳಿದರು.

ನಡೆದು, ಓಡಿ, ಕಬ್ಬಿನ ಟ್ರ್ಯಾಕ್ಟರೊಂದರ ಟ್ರೇಲರಿನಲ್ಲಿ ಜೋತು, ಕಿತ್ತೂರು ಮುಟ್ಟಿದಾಗ ಏಳಕ್ಕೆ ಐದು ನಿಮಿಷವಿತ್ತು. ಪರದೆಯ ಮುಂದೆ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳೆಲ್ಲ ಸಂಸಾರಸಮೇತ ಕುಳಿತಿದ್ದರು. ಪರದೆಯ ಹಿಂದೆ ಅನ್ನಪೂರ್ಣಾ ಅಕ್ಕಾರು ಗಡಿಯಾರ ನೋಡುತ್ತಿದ್ದರು. ಯುವರಾಜ ಎಡಗೈಯ ಬೆರಳುಗಳ ನೆಟಿಗೆ ಮುರಿಯುತ್ತಿದ್ದ.

“ತಂದೇನ್ರಿ ಅಕ್ಕಾರ,” ಎಂದ ಸಂದೀಪ ಏದುಸಿರಿನಲ್ಲಿ. “ಅಂಥಾ ಬೇಸ್ ಈ ಸೀಮ್ಯಾಗ ಇಲ್ಲ.” ಸುತಳಿ ಹರಿದು ಕೌದಿ ಸರಿಸಿದ.

ಕಂದು ಬೇಸು ಹೊರಬಂತು. ನೇರವಾದ ಕತ್ತು, ನುಣುಪಾದ ಅಂಚು, ಎಲ್ಲವೂ ಸರಿಯಾಗಿದ್ದವು. ತಂತಿ ಮಾತ್ರ ಒಂದೂ ಇರಲಿಲ್ಲ.

ಸಂದೀಪ ಕೌದಿಯನ್ನು ಕೊಡವಿದ. ಒಂದು ಜಿರಲೆ ಬಿತ್ತು. “ಮಾವಾ, ತಂತಿ ಎಲ್ಲಿ?”

“ಎಲ್ಲಿ ಅಂದ್ರ? ಅಂದಾನೆಪ್ಪನ ಮನ್ಯಾಗ.” ಲಗಮಪ್ಪನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಮಾಲು ಮಾರಿದ ಮ್ಯಾಲ ಹಗ್ಗ ಮಾರಿದಾಂವಂದು. ಹಗ್ಗದ ಜೋಡಿ ಎತ್ತು ಕೊಟ್ರ ಆ ಮನಿ ಲಕ್ಷ್ಮಿನ ಹೊರಗ ಹೊಕ್ಕಾಳು. ಅಂವ ತಂತಿ ಸಹಿತ ಕೊಡಾಕ ನಿಂತಿದ್ದ. ನಾನ ‘ಬ್ಯಾಡ್ರಿ ಸಾವಕಾರ್ರ, ರಿವಾಜ ತಪ್ಪಬಾರದು’ ಅಂತ ಹೇಳಿ ಕೈಯಾರೆ ನಾಕೂ ಬಿಚ್ಚಿ ಕೊಟ್ಟೇನಿ. ಅಂವ ಅತ್ತ. ಇಂಥಾ ಮಂದಿ ಈಗಿನ ಕಾಲದಾಗ ಇಲ್ಲ ಅಂದ.”

ಬೇಸಿನ ತಂತಿ ಬೇಕೆಂದರೆ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕು. ಹೊರಗೆ ಜನ ಚಪ್ಪಾಳೆ ತಟ್ಟಿ ಅವಸರಪಡಿಸತೊಡಗಿದರು. ಸಂದೀಪ ಬೇಸನ್ನು ಮತ್ತೆ ಕೌದಿಯಲ್ಲಿ ಸುತ್ತತೊಡಗಿದ.

“ನಾ ಇಳದು ಹೋಗತೇನ್ರಿ ಅಕ್ಕಾರ.”

ಅನ್ನಪೂರ್ಣಾ ಅಕ್ಕಾರು ಮೂವತ್ತು ವರ್ಷ ತರಗತಿ ನಡೆಸಿದವರು. “ಎಲ್ಲಿಗೆ? ಆರು ಮಂದಿ ಅಂತ ಹೇಳೇನಿ, ಐದು ನಿಂತ್ರ ಕೇಳತಾರ. ಕೊರಳಿಗೆ ಹಾಕ್ಕೊಂಡು ನಿಂದ್ರು. ಕೈ ಆಡಿಸು. ಯುವರಾಜ, ಎಡಗೈ ನಡಸು.”

“ಚಿಂತಿ ಬ್ಯಾಡ್ರಿ ಅಣ್ಣಾರ,” ಎಂದ ಯುವರಾಜ ಅತ್ಯಂತ ವಿನಯದಿಂದ.

ಪರದೆ ಸರಿಯಿತು. ಮೊದಲ ಹಾಡಿನಲ್ಲಿ ಸಂದೀಪ ನಾಚಿಕೆಯಿಂದ ನೆಲ ನೋಡುತ್ತ ಗಾಳಿ ಮೀಟಿದ. ಎರಡನೆಯದರಲ್ಲಿ ಒಂದು ಸತ್ಯ ಹೊಳೆಯಿತು: ತಂತಿಯಿಲ್ಲದ ಮೇಲೆ ತಪ್ಪೆಂಬುದೇ ಇಲ್ಲ. ಎರಡು ವರ್ಷ ಬೆರಳಿನ ಮೇಲೆಯೇ ಕಣ್ಣಿಟ್ಟು ಗೂಟದಂತೆ ನಿಲ್ಲುತ್ತಿದ್ದವನು ತಲೆಯೆತ್ತಿದ. ಮೂರನೆಯದಕ್ಕೆ ಹೆಜ್ಜೆ ಹಾಕಿದ. ನಾಲ್ಕನೆಯದಕ್ಕೆ ಮೊಣಕಾಲೂರಿ ಹಿಂದಕ್ಕೆ ಬಾಗಿದ. ಬೆರಳುಗಳು ಜೇಡನಂತೆ ಓಡಿದವು. ಬೇಸನ್ನು ಬೆನ್ನ ಹಿಂದೆ ಹಿಡಿದೂ ನುಡಿಸಿದ. ಹಳೆಯ ವಿದ್ಯಾರ್ಥಿಗಳು ಶಿಳ್ಳೆ ಹೊಡೆದರು. ಮುಖ್ಯೋಪಾಧ್ಯಾಯರು ತಾವೇ ಎದ್ದು ಬಂದು ಅವನಿಗೆ ಶಾಲು ಹೊದಿಸಿದರು.

ಕಾರ್ಯಕ್ರಮ ಮುಗಿದ ಕೂಡಲೇ ದೇಗಾಂವದ ಮುದಕಪ್ಪನೆಂಬ ಗೃಹಸ್ಥರು ಪರದೆಯ ಹಿಂದೆ ಬಂದರು. “ಅಕ್ಕಾರ, ನಮ್ಮ ಮಗಳ ಮದಿವಿಗೆ ನೀವು ಬರಬೇಕ್ರಿ. ಆ ದಪ್ಪ ಗಿಟಾರಿನಾಂವ ಇರಬೇಕ ನೋಡ್ರಿ. ಆ ‘ಗುಂ’ ಎದಿಗೆ ಬಡಿತ್ರಿ ನಮಗ.” ಅವರ ಹಿಂದೆ ಇನ್ನೂ ಮೂವರು ಅದೇ ಬೇಡಿಕೆ ಹಿಡಿದು ನಿಂತಿದ್ದರು.

ಎಲ್ಲರೂ ಹೋದ ಮೇಲೆ ಸಂದೀಪ ಶಾಲಿನಲ್ಲಿ ಬೆವರು ಒರೆಸಿಕೊಳ್ಳುತ್ತ, ಎರಡು ವರ್ಷದಲ್ಲಿ ಮೊದಲ ಬಾರಿಗೆ ಎದೆಯೆತ್ತಿ ಹೇಳಿದ:

“ಹಂಗಾರ ನನ್ನ ಜಾಗಾ ನನಗ ಉಳೀತಲ್ರಿ ಅಕ್ಕಾರ?”

“ಉಳೀತು. ನಿನ್ನ ಬಿಟ್ಟು ಇನ್ನ ವೃಂದನ ಇಲ್ಲ.”

“ನಾಳೆ ಮುಂಜಾನಿನ ಬೆಳಗಾವಿಗೆ ಹೋಗಿ ತಂತಿ ಹಾಕಿಸ್ಕೊಂಡು ಬರತೇನ್ರಿ.”

ಅಕ್ಕಾರು ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸುತ್ತಿದ್ದ ಯುವರಾಜನನ್ನು ನೋಡಿದರು. ಮತ್ತೆ ಸಂದೀಪನನ್ನು ನೋಡಿದರು. ಅವರ ಸ್ವರದಲ್ಲಿ ನಿಜವಾದ ವಾತ್ಸಲ್ಯವಿತ್ತು.

“ಬ್ಯಾಡ, ತಮ್ಮಾ. ಎರಡು ವರ್ಸ ನೀ ಬಾರಿಸಿದಿ. ಒಬ್ಬರರ ಬಂದು ನಿನ್ನ ಕೇಳಿದ್ರೇನು? ಇವತ್ತೊಂದ ದಿನ ಬಾರಿಸಲಿಲ್ಲ, ನಾಕು ಕಾರ್ಯಕ್ರಮ ಬಂದುವು. ತಂತಿ ಹಾಕಿದಿ ಅಂದ್ರ ಮತ್ತ ಕೆಳಗ ನೋಡ್ಕೋತ ನಿಂದರತಿ. ಹಿಂಗ ಇರಲಿ. ಛಲೋ ಐತಿ.”

ಸಂದೀಪ ಕಂದು ಬೇಸನ್ನು ಎತ್ತಿಕೊಂಡ. ಅಷ್ಟು ಸಮತೂಕದ, ಅಷ್ಟು ನೇರವಾದ ವಾದ್ಯ ಅವನ ಕೈಗೆ ಹಿಂದೆಂದೂ ಬಂದಿರಲಿಲ್ಲ.

ಇಂದು ಬೆಳಿಗ್ಗೆ ಕಿತ್ತೂರಿನ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ನಾನು ಇಷ್ಟನ್ನು ಬರೆದು ಮುಗಿಸುವಷ್ಟರಲ್ಲಿ ಚಹಾ ಆರಿದೆ. ಪೆನ್ನಿಗೆ ಟೊಪ್ಪಿಗೆ ಹಾಕಿ, ಹಾಸಿದ ಟವೆಲ್ಲನ್ನು ಮಡಚಿ, ಚೀಲದ ಬಾಯಿ ಬಿಗಿದಿದ್ದೇನೆ. ರಾಮದುರ್ಗದ ಬಸ್ಸಿನ ಕಂಡಕ್ಟರು ಸೀಟಿ ಊದುತ್ತಿದ್ದಾನೆ. ಅಪ್ಪಣೆಯಾಗಲಿ, ಹೊರಡುತ್ತೇನೆ.