ಬಾಲ್ಕನಿಯಲ್ಲಿ ಫ್ರಿಲುಫ್ಟ್ಸ್‌ಲಿವ್

ಐದು ನಿಮಿಷ ಭಾಷಣ ಮಾಡಲು ಬಾರದವನು ಟೀಮ್ ಲೀಡರ್ ಆಗಲಾರ ಎಂಬುದು ನಮ್ಮ ಮ್ಯಾನೇಜರ್ ಓಕಾದಾ ಸಾನ್ ಅವರ ದೃಢ ನಂಬಿಕೆ. ಟೋಕಿಯೋದ ನಮ್ಮ ಆಫೀಸಿನಲ್ಲಿ ದಿನಾ ಬೆಳಗ್ಗೆ ಸರದಿಯಂತೆ ಒಬ್ಬರು ಮಾತಾಡಬೇಕು. ಕೊರೊನಾ ಬಂದು ಆಫೀಸು ಮುಚ್ಚಿದರೂ ಈ ಪದ್ಧತಿ ಆನ್‌ಲೈನಿನಲ್ಲಿ ಬದುಕಿಕೊಂಡಿತು. ಈ ಸಲ ಲೀಡರ್ ಪಟ್ಟ ನನ್ನದೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಆರಿಸಿಕೊಂಡ ವಿಷಯ ‘ಫ್ರಿಲುಫ್ಟ್ಸ್‌ಲಿವ್’ ಎಂಬ ನಾರ್ವೇಜಿಯನ್ ಪದ. ಫ್ರಿ ಎಂದರೆ ಮುಕ್ತ, ಲುಫ್ಟ್ ಎಂದರೆ ಗಾಳಿ, ಲಿವ್ ಎಂದರೆ ಬದುಕು. ಮೂರನ್ನೂ ಸೇರಿಸಿ ಹೊಲಿದರೆ ಬಯಲಿನ ಬಾಳು. ಇಂಥ ಪದವನ್ನು ಕೋಣೆಯಲ್ಲಿ ಕೂತು ವಿವರಿಸುವುದು ಪದಕ್ಕೇ ಅವಮಾನ! ಫೆಬ್ರವರಿಯ ಚಳಿಯಲ್ಲಿ ಲ್ಯಾಪ್‌ಟಾಪ್ ಸಮೇತ ಹದಿನಾಲ್ಕನೇ ಮಹಡಿಯ ಬಾಲ್ಕನಿಗೆ ಹೊರಟೆ.

“ಸ್ವೆಟರ್ ಆದ್ರೂ ಹಾಕ್ಕೊಳ್ರೀ,” ಎಂದಳು ಹೆಂಡತಿ ಸುಮಾ.

ನಾರ್ವೆಯವರು ಹಾಕುವುದಿಲ್ಲ ಎಂದೆ. ಅದು ಶುದ್ಧ ಸುಳ್ಳು.

ಭಾಷಣ ಭರ್ಜರಿಯಾಗಿ ಶುರುವಾಯಿತು. ನಾರ್ವೆಯವರ ಲಿವ್, ಇಂಗ್ಲಿಷಿನ ಲೈಫ್ ದಾಯಾದಿಗಳು ಎಂದಾಗ ಓಕಾದಾ ಸಾನ್ ತಲೆದೂಗಿದರು. ಅಷ್ಟರಲ್ಲಿ ಹಿಂದೆ ‘ಟಕ್’ ಎಂದಿತು. ನಮ್ಮ ಮೂರು ವರ್ಷದ ಮಗಳು ಗಾಜಿನ ಬಾಗಿಲಿಗೆ ಚಿಲಕ ಹಾಕಿ ನನಗೆ ಟಾಟಾ ಮಾಡುತ್ತಿದ್ದಳು. ತೆಗೆ ಎಂದು ಸನ್ನೆ ಮಾಡಿದೆ. ಅವಳೂ ಹಾಗೇ ಸನ್ನೆ ಮಾಡಿದಳು.

ನಾನು ಬಿಡಲಿಲ್ಲ. ಹಲ್ಲು ಕಟಕಟಿಸುತ್ತಲೇ ಲುಫ್ಟ್‌ನ ಕುಲಗೋತ್ರ ಹೇಳತೊಡಗಿದೆ. ಆದರೆ ಮಗಳು ಅಡುಗೆಮನೆಯತ್ತ ಓಡಿದಾಗ ಮಾತು ನಿಲ್ಲಿಸಿ ಗಾಜಿಗೆ ಮುಖ ಒತ್ತಿ ಒಳಗೆ ನೋಡಿದೆ. ಸುಮಾ ಎಲ್ಲೂ ಕಾಣಲಿಲ್ಲ. ಹಾಲು ತರಲು ಬೀದಿಯ ಕೊಂಬಿನಿ ಅಂಗಡಿಗೆ ಹೋಗಿರಬೇಕು, ಮಗು ಒಂಟಿ!

ಇಲ್ಲಿ ಬಾಲ್ಕನಿಯಿಂದ ಕೂಗುವುದು ಮಹಾ ಅಪಚಾರ. ಪಕ್ಕದ ಫ್ಲಾಟಿಗೂ ನಮಗೂ ನಡುವೆ ಒಂದು ತೆಳು ಹಲಗೆಯಿದೆ. ತುರ್ತಿದ್ದರೆ ಒಡೆದು ದಾಟಿ ಎಂದು ಅದರ ಮೇಲೆ ಬರೆದೇ ಇದೆ. ಆ ಮನೆಯೊಳಗಿಂದ ಹಾದು ನಮ್ಮ ಮುಂಬಾಗಿಲಿಗೆ ಹೋಗೋಣವೆಂದು, ಟೀಮಿಗೆ ಬಾಗಿ ವಂದಿಸಿ, ಒಂದು ನಿಮಿಷದ ಅಪ್ಪಣೆ ಪಡೆದು, ಹಲಗೆಗೆ ಒದ್ದೆ. ಮೂರನೇ ಒದೆತಕ್ಕೆ ದಾರಿಯಾಯಿತು.

ಆಚೆ ಬಟ್ಟೆ ಒಣಹಾಕುತ್ತಿದ್ದ ಮೊರಿ ಸಾನ್ ಅಜ್ಜಿ ಕ್ಲಿಪ್ಪು ಹಿಡಿದು ಹಾಗೇ ನಿಂತುಬಿಟ್ಟಿದ್ದರು. “ಸುಮಿಮಾಸೆನ್,” ಎಂದು ಕ್ಷಮೆ ಕೇಳಿದೆ, ಅರ್ಧ ಅವರ ಕಡೆ, ಅರ್ಧ ನಮ್ಮ ಕಡೆ ಇದ್ದುಕೊಂಡು. ಆಗಲೇ ನಮ್ಮ ಬಾಗಿಲು ತೆರೆಯಿತು. ಒದ್ದೆ ತಲೆಗೆ ಟವೆಲ್ ಸುತ್ತಿದ ಸುಮಾ!

“ಸ್ನಾನಕ್ಕೆ ಹೋಗಿದ್ದೆ ಕಣ್ರೀ. ಒಂದ್ಸಲ ಕೂಗೋಕೆ ಏನಾಗಿತ್ತು?”

“ಪಕ್ಕದ ಮನೆಯವರಿಗೆ ತೊಂದರೆ ಆಗ್ಬಾರ್ದು ಅಂತ,” ಎಂದೆ.

ಅಜ್ಜಿಗೆ ಕನ್ನಡ ಬಾರದಿದ್ದುದು ನನ್ನ ಪುಣ್ಯ. ಲ್ಯಾಪ್‌ಟಾಪಿನ ಕ್ಯಾಮೆರಾ ಅಷ್ಟೂ ಹೊತ್ತು ಆನ್ ಇದ್ದುದು ಪಾಪದ ಫಲ.

ನಮ್ಮ ಆಫೀಸಿನಲ್ಲಿ ತಪ್ಪು ಮಾಡಿದವನು ಅದು ಮರುಕಳಿಸದಂತೆ ಏನು ಮಾಡುತ್ತೇನೆಂದು ಬರೆದು ಎಲ್ಲರೆದುರು ಓದಬೇಕು. ಮರುದಿನದ ಐದು ನಿಮಿಷವೂ ನನಗೇ ಸಿಕ್ಕಿತು. ಕೋಣೆಯ ಬಾಗಿಲು ಹಾಕಿಕೊಂಡು, ಇನ್ನು ಮುಂದೆ ಕೆಲಸದ ವೇಳೆಯಲ್ಲಿ ಹೊರಗಿನ ಗಾಳಿಗೆ ಹೋಗುವುದಿಲ್ಲವೆಂದು ಗಂಭೀರವಾಗಿ ಓದಿದೆ. ಅರ್ಧ ನಿಮಿಷದಲ್ಲಿ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಲೀಡರ್ ಪಟ್ಟ ಬೇರೆಯವರಿಗೆ ಹೋಯಿತು. ಓಕಾದಾ ಸಾನ್ ಪ್ರಕಾರ, ನಾನು ಈವರೆಗೆ ಮಾಡಿದ ಅತ್ಯುತ್ತಮ ಭಾಷಣ ಅದೇ ಅಂತೆ!