ಬಲಗಾಲಿನ ಬ್ರೇಕನ್ನು ಮರಳಿ ಜೋಡಿಸುವ ವಿಷಯವಾಗಿ

ಹಳೆಯ ವಾಹನಗಳ ಮೂಲರೂಪ ಪರೀಕ್ಷಾ ಸಮಿತಿಯ ಅಧ್ಯಕ್ಷರಾದ ಪರಮಮಾನ್ಯರೇ,

ಕಾರ್ಖಾನೆಯಿಂದ ಹೊರಬಿದ್ದ ದಿನದ ರೂಪವನ್ನಲ್ಲದೆ ಬೇರಾವುದನ್ನೂ ಒಪ್ಪದ ತಮ್ಮ ಕಣ್ಣುಗಳಿಗೂ, ಆ ಕಣ್ಣುಗಳ ನೆರವಿಗಿರುವ ಭೂತಗನ್ನಡಿಗೂ ನನ್ನ ನಮಸ್ಕಾರಗಳು.

ಕಳೆದ ಬುಧವಾರ ತಾವು ನಮ್ಮ ಮೆಟ್ಟಿಲ ಕೆಳಗೆ ನಿಂತಿದ್ದ ಅಮ್ಮನ ಸ್ಕೂಟರನ್ನು ಪರೀಕ್ಷಿಸಿದ ಉಪಕಾರವನ್ನು ಮರೆಯಲಾಗದು. ವಯಸ್ಸು ಮೀರಿದ ಗಾಡಿಗಳೆಲ್ಲ ಈ ತಿಂಗಳ ಕೊನೆಗೆ ಗುಜರಿಗೆ ಹೋಗಬೇಕು, ತಮ್ಮ ಪ್ರಮಾಣಪತ್ರ ಪಡೆದವು ಮಾತ್ರ ರಸ್ತೆಯಲ್ಲಿ ಉಳಿಯಬಹುದು ಎಂಬ ನಿಯಮ ಬಂದದ್ದರಿಂದ ಅಮ್ಮ ಅರ್ಜಿ ಹಾಕಿದ್ದಳು. ಆಕೆ ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುವವಳು; ಸ್ಕೂಟರ್ ನಿಂತರೆ ಕೆಲಸವೂ ನಿಂತ ಹಾಗೆ.

ತಾವು ಇಸ್ತ್ರಿ ಮಾಡಿದ ಅಂಗಿಯಲ್ಲೇ ನೆಲಕ್ಕೆ ಮಲಗಿ, ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಇದು ಆ ಮಾದರಿಯ ಮೊದಲ ವರ್ಷದ ಗಾಡಿಯೆಂದು ಪತ್ತೆ ಹಚ್ಚಿದಿರಿ. ಉಗುರಿನಿಂದ ಬಣ್ಣ ಕೆರೆದು, ಐದು ಪದರಗಳ ಕೆಳಗೆ ಮೂಲದ ತಿಳಿಹಸಿರು ಕಂಡಾಗ ಅದಕ್ಕೆ ಕೈಮುಗಿದಿರಿ. ಮುಂದಿನ ಮಡ್‌ಗಾರ್ಡನ್ನು ಸವರುತ್ತ, ಇಂಥ ಕೈಕೆಲಸ ಆ ಕಾರ್ಖಾನೆಯೊಂದಿಗೇ ಮುಗಿಯಿತೆಂದು ಮರುಗಿದಿರಿ. ಅದನ್ನು ಹೋದ ವರ್ಷ ಎಣ್ಣೆ ಡಬ್ಬ ಬಡಿದು ಮಾಡಿಕೊಟ್ಟ ಎದುರು ಅಂಗಡಿಯ ತಗಡಿನ ಕೆಲಸದವನು ತಮ್ಮ ಬೆನ್ನ ಹಿಂದೆಯೇ ನಿಂತಿದ್ದ. ನಾಚಿಕೆಯ ಮನುಷ್ಯ. ಅವನ ಪರವಾಗಿ ನಾನು ಕೃತಜ್ಞತೆ ಸಲ್ಲಿಸುತ್ತೇನೆ.

ಆದರೆ ತಮ್ಮ ವರದಿಯಲ್ಲಿ ಒಂದೇ ಒಂದು ದೋಷ ದಾಖಲಾಗಿದೆ: ಹಿಂದಿನ ಬ್ರೇಕು ಬಲಗಾಲಿನಲ್ಲಿರುವ ಬದಲು ಕೈಯಲ್ಲಿದೆ, ಅದನ್ನು ಮೂಲಸ್ಥಿತಿಗೆ ತಂದ ಮೇಲಷ್ಟೇ ಪ್ರಮಾಣಪತ್ರ. ಹನ್ನೊಂದು ವರ್ಷದ ಹಿಂದೆ ಅಮ್ಮ ಜಾರಿಬಿದ್ದು ಬಲಪಾದದ ಶಕ್ತಿ ಕಳೆದುಕೊಂಡಾಗ, ಮೆಕ್ಯಾನಿಕ್ ಮಾವ ಎರಡೂ ಬ್ರೇಕುಗಳನ್ನು ಒಂದೇ ಹಿಡಿಗೆ ಕಟ್ಟಿಕೊಟ್ಟಿದ್ದರು. ಹೊರಡುವಾಗ ಕಿಕ್ ಹೊಡೆದು ಸ್ಟಾರ್ಟ್ ಮಾಡಿಕೊಡಲು ರಿಪೇರಿಗೆ ಹೋದ ಮನೆಯವರಿದ್ದಾರೆ. ಬ್ರೇಕು ತುಳಿದುಕೊಡಲು ದಾರಿಯುದ್ದಕ್ಕೂ ಯಾರನ್ನು ಕೂರಿಸಿಕೊಳ್ಳುವುದು? ಅಮ್ಮ ಇದನ್ನು ವಿವರಿಸಿದಾಗ ತಾವು ಕರುಣೆಯಿಂದ ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ಇಂಥ ಗಾಡಿ ಓಡಿಸೋದಕ್ಕಲ್ಲಮ್ಮ, ಕಾಪಾಡೋದಕ್ಕೆ."

"ಓಡಿಸಿದ್ದಕ್ಕೇ ಅಲ್ವಾ ಸರ್ ಇದು ಉಳಿದಿರೋದು," ಎಂದಳು ಅಮ್ಮ. ತಾವು ಅದನ್ನು ಬರೆದುಕೊಳ್ಳಲಿಲ್ಲ. ಬಹುಶಃ ನಮೂನೆಯಲ್ಲಿ ಜಾಗವಿರಲಿಲ್ಲ.

ವಸ್ತು ಬಳಸುವವರದ್ದೋ ಭೂತಗನ್ನಡಿ ಹಿಡಿದವರದ್ದೋ ಎಂಬ ಪ್ರಶ್ನೆಯನ್ನು ನಾನು ಓದಿದ ಕಾರ್ಮಿಕ ಸಂಘದ ಕರಪತ್ರಗಳೆಲ್ಲ ಕೇಳುತ್ತವೆ. ತಾವು ಅದಕ್ಕೆ ಅರ್ಧ ಗಂಟೆಯಲ್ಲಿ ಉತ್ತರ ಕೊಟ್ಟಿರಿ. ಆದ್ದರಿಂದ ತಮ್ಮ ಆದೇಶಕ್ಕೆ ತಲೆಬಾಗಿ ಎರಡು ಸಣ್ಣ ವಿನಂತಿ. ಮೂಲಸ್ಥಿತಿಯ ಬ್ರೇಕಿಗೆ ಹೊಂದುವಂತೆ, ಗಾಡಿ ಹೊರಬಂದ ವರ್ಷದ ರಸ್ತೆಯನ್ನು, ಅಂದರೆ ಇಂದಿನ ಬಸ್ಸು ಲಾರಿಗಳೊಂದೂ ಇಲ್ಲದ ರಸ್ತೆಯನ್ನು, ನಮ್ಮ ಮನೆಯಿಂದ ಮಾರುಕಟ್ಟೆಯವರೆಗಾದರೂ ಹಾಸಿಕೊಡಬೇಕು. ಅದಕ್ಕೂ ಮೊದಲು, ತಮ್ಮ ಪರಿಣತರು ಅಮ್ಮನ ಬಲಗಾಲನ್ನು ಪರೀಕ್ಷಿಸಿ ಅದನ್ನೂ ಮೂಲಸ್ಥಿತಿಗೆ ತಂದುಕೊಡಬೇಕು. ಬಿಡಿಭಾಗ ಸಿಗುವುದಿಲ್ಲ ಎಂಬ ನೆಪ ಹೇಳಬಾರದು. ಬ್ರೇಕಿನ ವಿಷಯದಲ್ಲಿ ಆ ನೆಪ ಹೇಳಲು ತಾವು ನಮಗೂ ಬಿಟ್ಟಿಲ್ಲ.

ತಮ್ಮ ವರದಿಯೊಂದನ್ನುಳಿದು ಮಿಕ್ಕೆಲ್ಲದರಲ್ಲಿ
ತಮ್ಮ ವಿಶ್ವಾಸಿ,
ರಿಪೇರಿಯವಳ ಮಗಳು

ಮರೆತ ಮಾತು: ತಮ್ಮ ಮನೆಯ ಹೊಲಿಗೆ ಯಂತ್ರ ನೋಡಲು ನಾಳೆ ಬರಬೇಕೆಂದು ತಮ್ಮ ಶ್ರೀಮತಿಯವರು ಹೇಳಿಕಳಿಸಿದ್ದಾರೆ. ತಮ್ಮ ಅಜ್ಜಿಯ ಕಾಲದ ಆ ಯಂತ್ರದ ತುಳಿಯುವ ಹಲಗೆ ಬಿಚ್ಚಿ, ಶ್ರೀಮತಿಯವರ ಮೊಣಕಾಲು ನೋವಿಗೆಂದು ಮೋಟಾರು ಕೂಡಿಸಿದವಳು ನಮ್ಮಮ್ಮನೇ. ಈಗ ಹಲಗೆಯನ್ನು ಮರಳಿ ಜೋಡಿಸಬೇಕೋ ಬೇಡವೋ ಎಂದು ಆಕೆಗೆ ಗೊಂದಲವಾಗಿದೆ. ದಯವಿಟ್ಟು ಶ್ರೀಮತಿಯವರ ಎದುರಿನಲ್ಲೇ ಅಪ್ಪಣೆ ಕೊಡಿಸಬೇಕು.